ಕೊಟ್ಟೂರಪ್ಪನ ಮೆದುಳಿನ ಫೋಟೊ

ಬಿ.ಜಿ. ಕೆರೆಯ ಕೊಟ್ಟೂರಪ್ಪ ಸೋಮವಾರ ಗುಡಿಯಿಂದ ತನ್ನದೇ ಅಂದುಕೊಂಡು ಮನೆಗೆ ಓಡಿಸಿಕೊಂಡು ಬಂದದ್ದು ಪಕ್ಕದ ಮನೆ ಬೊಮ್ಮಲಿಂಗಪ್ಪನ ಮೊಪೆಡ್. ಕರ್ಮ ಅಲ್ಲಿಂದಲೇ ಶುರು. ಇಬ್ಬರದೂ ಹಳೇ ಕೆಂಪು ಗಾಡಿ, ಸವೆದ ಬೀಗಕ್ಕೆ ಯಾವ ಕೀಲಿ ಹಾಕಿದರೂ ತಿರುಗುತ್ತಿತ್ತು. ಇಪ್ಪತ್ತರ ಹುಡುಗ ಮಾಡಿದ್ದರೆ ಇದು ಬರೀ ತಪ್ಪು. ಅರವತ್ತೊಂಬತ್ತರ ಕೊಟ್ಟೂರಪ್ಪ ಮಾಡಿದ್ದರಿಂದ ಕಾಯಿಲೆ ಆಯಿತು.

"ಮರೆವು ಹಿಂಗೇ ಶುರುವಾಗೋದು ಕಣಮ್ಮ," ಎಂದ ಬೊಮ್ಮಲಿಂಗಪ್ಪ, ಕೊಟ್ಟೂರಪ್ಪನ ಹೆಂಡತಿ ಸರ್ವಮಂಗಳಮ್ಮನಿಗೆ. "ಇವತ್ತು ನನ್ ಗಾಡಿ. ನಾಳೆ ನಮ್ಮನೆಗೇ ಬಂದು ಉಣ್ಣಾಕ್ ಕುಂತ್ರೆ?"

"ನಿಮ್ಮನೆ ಸಾರು ಯಾರು ಉಂಡಾರು," ಎಂದು ಕೊಟ್ಟೂರಪ್ಪ ಗೊಣಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸರ್ವಮಂಗಳಮ್ಮ ಮೊಪೆಡ್ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದಿನಾ ಹತ್ತು ಗಂಟೆಗೆ ಹೈವೇ ಪಕ್ಕದ ಹೋಟೆಲಿಗೆ ಹೋಗಿ ಮಂಡಕ್ಕಿ, ಮಿರ್ಚಿ ತಿಂದು ಬರುವ ಮನುಷ್ಯನಿಗೆ ಕಾಲೇ ಹೋದಂಗಾಯಿತು. ಅದರ ಬದಲಿಗೆ ನೆನೆಸಿದ ಬಾದಾಮಿ, ಒಂದೆಲಗದ ಚಟ್ನಿ. ಓಣಿಯ ಮುದ್ದಕ್ಕ ದಿನಾ ಬಾಗಿಲಲ್ಲಿ ನಿಂತು, "ನಾನ್ಯಾರು ಹೇಳು ನೋಡಾನ," ಅನ್ನೋಳು.

ಹೆಂಡತಿ ಮಾತ್ರ ಬಲು ಮೆತ್ತಗಾದಳು. "ಪಾಪ, ನಾನು ಸೀರೆ ಕೇಳಿದಾಗೆಲ್ಲಾ 'ಮರೆತ್ಬಿಟ್ಟೆ ಕಣೆ' ಅಂತಿದ್ರು. ಕಾಯಿಲೆ ಅಂತ ತಿಳೀದೆ ಬೈದ್ಬಿಟ್ಟೆ," ಎಂದು ಕಣ್ಣೊರೆಸಿಕೊಂಡಳು. ಕೊಟ್ಟೂರಪ್ಪ ತೆಪ್ಪಗೆ ಬಾದಾಮಿ ಅಗಿದ.

ಅಷ್ಟರಲ್ಲಿ ಚಳ್ಳಕೆರೆಗೆ ಬೆಂಗಳೂರಿನ ಡಾಕ್ಟರುಗಳು ಬಂದರು. ಗಟ್ಟಿಮುಟ್ಟಾಗಿರುವ ಹಿರಿಯರ ಮೆದುಳಿನ ಫೋಟೊ ತೆಗೆದು, ಮರೆವು ಹೊರಗೆ ಕಾಣೋಕೆ ಮುಂಚೆ ಒಳಗೇನಾದರೂ ಗುರುತು ಸಿಗುತ್ತಾ ಅಂತ ನೋಡುವವರು ಅವರು. ಹಿರಿಯರು ಹೇಳಿದ್ದು ಖರೇನೋ ಸುಳ್ಳೋ ತಿಳಿಸೋಕೆ ಮನೆಯವರೊಬ್ಬರು ಜೊತೆಗಿರಬೇಕು.

"ಮೆದುಳು ಸರಿ ಐತೆ ಅಂತ ಬರೆಸ್ಕಂಡ್ ಬರ್ರಿ, ಕೀಲಿ ಕೊಡ್ತೀನಿ," ಎಂದಳು ಸರ್ವಮಂಗಳಮ್ಮ. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು. ದಾರಿ ತಪ್ಪಿಯಾನು ಅಂತ ಬೊಮ್ಮಲಿಂಗಪ್ಪನೂ ಕರೆಯದೆ ಹತ್ತಿಕೊಂಡ.

ಉಡದಾರದ ಪಿನ್ನಿನಿಂದ ಹಿಡಿದು ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಸಿ ಕೊಟ್ಟೂರಪ್ಪನನ್ನು ಯಂತ್ರದೊಳಗೆ ತಳ್ಳಿದರು. ಒಳಗೆ ಶೇಂಗಾ ಸುಲಿಯೋ ಮಿಷನ್ನಿನ ಸದ್ದು. ಮೂವತ್ತು ವರ್ಷ ಅದೇ ಮಿಷನ್ ನಡೆಸಿದವನಿಗೆ ಜೋಗುಳ ಕೇಳಿದಂಗಾಗಿ ನಿದ್ದೆ ಬಂತು. ಗೊರಕೆಗೆ ತಲೆ ಅಲ್ಲಾಡಿ ಫೋಟೊ ಕೆಟ್ಟಿತು. ಎಬ್ಬಿಸಿ ಮತ್ತೆ ತೆಗೆದರು.

ಆಮೇಲೆ ಡಾಕ್ಟರ್ ದೀಪಿಕಾ ಮೂರು ಪದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದರು. ಮೂರೂ ಹೇಳಿದ. ನೂರರಿಂದ ಏಳೇಳು ಕಳೆಯಿರಿ ಅಂದರೆ ಡಾಕ್ಟರು ಬರೆದುಕೊಳ್ಳುವುದರೊಳಗೆ ಎರಡಕ್ಕೆ ಬಂದು ನಿಂತ.

"ಕೊನೇದು ಅಜ್ಜಾರೆ. ಹೋದ ವರ್ಷದ್ದು ಯಾವುದಾದ್ರೂ ಒಂದು ದಿನದ ಸಂಗತಿ ಹೇಳಿ. ಎಷ್ಟು ವಿವರವಾಗಿ ಹೇಳ್ತೀರೋ ಅಷ್ಟು ಒಳ್ಳೇದು."

ಕೊಟ್ಟೂರಪ್ಪನ ಕಣ್ಣ ಮುಂದೆ ಕೀಲಿ ಕುಣಿಯಿತು. ಗೆದ್ದೇ ಬಿಡೋಣ ಅಂತ ನೆಟ್ಟಗೆ ಕೂತ.

"ಶ್ರಾವಣದ ಮೂರನೇ ಸೋಮವಾರ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದ್ವಿ. ಮೆಟ್ಲ ಮ್ಯಾಲೆ ಕುಂತು ಬುತ್ತಿ ಬಿಚ್ಚಿದ್ವಿ. ಮೊಸರನ್ನಕ್ಕೆ ಉಪ್ಪು ಕಮ್ಮಿ ಆಗಿತ್ತು. ಅಲ್ಲೇ ಇವ್ಳು ಮೊಳಕಾಲ್ಮೂರು ಸೀರೆ ಕೇಳಿದ್ಲು. ಅರಿಶಿನ ಬಣ್ಣ, ಗಿಳಿಹಸಿರು ಅಂಚು, ಸೆರಗಿನಾಗೆ ನವಿಲು. ದೀಪಾವಳಿಗೆ ಅಂದೆ. ದೀಪಾವಳಿ ಬಂದಾಗ ಮರೆತೆ ಅಂದು ಸಂಕ್ರಾಂತಿಗೆ ಹಾಕಿದೆ. ಆಮೇಲೆ ಯುಗಾದಿಗೆ. ಒಂದೂ ಮರೆತಿಲ್ಲ ನೋಡ್ರಿ."

ಡಾಕ್ಟರು ಪಕ್ಕಕ್ಕೆ ತಿರುಗಿದರು. "ಸರಿಯಾಗಿ ಹೇಳಿದ್ರಾ ಅಮ್ಮಾ?"

"ಅಕ್ಷರ ಅಕ್ಷರಾನೂ ಸರಿ ಐತ್ರಿ," ಎಂದಳು ಸರ್ವಮಂಗಳಮ್ಮ. ಅವಳು ಪಕ್ಕದಲ್ಲೇ ಕೂತಿದ್ದು ಕೊಟ್ಟೂರಪ್ಪನಿಗೆ ಆಗ ನೆನಪಾಯಿತು.

ಫೋಟೊದಲ್ಲೂ ಒಂದು ಕುಂದಿರಲಿಲ್ಲ. ಐವತ್ತರವರ ಮೆದುಳು ಅಂತ ಡಾಕ್ಟರು ಕೈ ಕುಲುಕಿದರು.

"ಹಂಗಾರೆ ನನ್ ಗಾಡಿ ಬೇಕಂತ್ಲೇ ಒಯ್ದೆಯೇನ್ಲೇ?" ಎಂದು ಬೊಮ್ಮಲಿಂಗಪ್ಪ ಬಸ್ಸಿನಲ್ಲಿ ಊರು ಬರೋವರೆಗೂ ಕೇಳಿದ. ಸರ್ವಮಂಗಳಮ್ಮ ಡಾಕ್ಟರು ಕೊಟ್ಟ ಫೋಟೊವನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು.

ಮನೆ ಮುಂದೆ ಅವಳು ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. ಬದುಕಿದೆ ಅಂದುಕೊಂಡು ಕೊಟ್ಟೂರಪ್ಪ ಗಾಡಿ ಹತ್ತಿದ. ಮಿರ್ಚಿ ವಾಸನೆ ಮೂಗಿಗೇ ಬಂದಂಗಿತ್ತು. ಅಷ್ಟರಲ್ಲಿ ಹಿಂದಿನ ಸೀಟು ಕುಸಿಯಿತು.

"ನಡೀರಿ, ಮೊಳಕಾಲ್ಮೂರಿಗೆ," ಎಂದಳು ಸರ್ವಮಂಗಳಮ್ಮ, ನಗು ತಡೆದುಕೊಂಡು.

"ಈಗ್ಲಾ? ಆ ನೇಕಾರರ ಮನೆ ಯಾವ ಬೀದ್ಯಾಗೈತೋ, ಮರೆತೇ ಹೋಗೈತೆ ಕಣೆ."

ಅವಳು ಚೀಲದಿಂದ ಮೆದುಳಿನ ಫೋಟೊ ತೆಗೆದು ಬಿಸಿಲಿಗೆ ಹಿಡಿದಳು.

"ಎಲ್ಲಿ, ಇದ್ರಾಗೆ ತೋರಿಸ್ರಿ ನೋಡಾನ."