ನನ್ನ ಮಂಚ ಕಸಿದುಕೊಂಡ ನಾಜಿಶ್ ಮೇಡಂ ಅವರಿಗೆ

ಹೃದಯದ ಆಸ್ಪತ್ರೆಯಲ್ಲಿ ಆಗಷ್ಟೇ ಎದೆ ಹೊಲಿಸಿಕೊಂಡು ಮಲಗಿದ ನಿರಪರಾಧಿಗಳನ್ನು ಎಬ್ಬಿಸಿ ನಡೆಸುವ ಫಿಸಿಯೋಥೆರಪಿಸ್ಟ್ ನಾಜಿಶ್ ಮೇಡಂ ಅವರ ಸನ್ನಿಧಿಗೆ, ಮರ್ಫಿ ಟೌನಿನ ನಿವೃತ್ತ ಕನ್ನಡ ಶಿಕ್ಷಕಿ ಅಂಜಿನಮ್ಮ ಮಾಡುವ ವಂದನೆಗಳು. ಸಾಷ್ಟಾಂಗವೇ ಎರಗಬೇಕೆಂದಿದ್ದೆ, ಎದೆಯ ಮೇಲೆ ಭಾರ ಬೀಳಬಾರದೆಂದು ತಾವೇ ಅಪ್ಪಣೆ ಕೊಟ್ಟಿದ್ದರಿಂದ ಕೈಮುಗಿದಷ್ಟಕ್ಕೇ ನಿಲ್ಲಿಸಿದ್ದೇನೆ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ನನ್ನ ದೂರು ಇರುವುದೂ ಅದರ ಬಗ್ಗೆಯೇ.

ಮದುವೆಯಾದಾಗಿನಿಂದ ಬೆಳಿಗ್ಗೆ ಅಡುಗೆ, ಆಮೇಲೆ ಶಾಲೆ, ಸಂಜೆ ಮತ್ತೆ ಅಡುಗೆ ಎಂದು ನಿಂತುಕೊಂಡೇ ಬಾಳಿದ ನನಗೆ, ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡಲೇಬೇಕು ಎಂದು ಡಾಕ್ಟರು ಹೇಳಿದಾಗ, ನನ್ನ ಪತಿ ಮುತ್ತುರಾಜ್ ಅವರು ಗೋಡೆ ಹಿಡಿದುಕೊಂಡರು. ನನಗೆ ಮಾತ್ರ, ಹೇಳಲು ನಾಚಿಕೆಯಾಗುತ್ತದೆ, ಇನ್ನು ಮುಂದೆ ನನ್ನನ್ನು ಏಳು ಎನ್ನುವ ಧೈರ್ಯ ಯಾರಿಗೂ ಬರಲಾರದು ಎಂಬ ಸಂತೋಷವೇ ಮೊದಲು ಆಯಿತು. ಆಪರೇಷನ್ನಿನ ಮರುದಿನವೇ ತಾವು ಪರದೆ ಸರಿಸಿಕೊಂಡು ಬಂದು ಆ ಸಂತೋಷವನ್ನು ಮುಗಿಸಿದಿರಿ.

"ಅಮ್ಮಾ, ಬನ್ನಿ, ಕಾಲು ಕೆಳಗೆ ಬಿಡೋಣ."

"ಇವತ್ತೇನಾ? ಎದೆ ಬಿಟ್ಕೊಂಡ್ರೆ?"

"ಮೂಳೆನ ತಂತಿ ಹಾಕಿ ಕಟ್ಟಿದ್ದಾರೆ, ಬಿಟ್ಕೊಳ್ಳಲ್ಲ. ಸುಮ್ನೆ ಮಲಗಿದ್ರೆ ಕಫ ಕೂತ್ಕೊಳುತ್ತೆ. ಚಲೋ, ದಿಂಬು ತಬ್ಕೊಳ್ಳಿ, ಜೋರಾಗಿ ಕೆಮ್ಮಿ!"

ತರಗತಿಯಲ್ಲಿ ಕೆಮ್ಮಿದ ಮಕ್ಕಳನ್ನು ಬಾಯಿಗೆ ಕೈ ಅಡ್ಡ ಹಿಡಿಯಿರೆಂದು ಜೀವಮಾನವಿಡೀ ಗದರಿಸಿದವಳಿಗೆ, ಕೆಮ್ಮು ಸಾಲದೆಂದು ಗದರಿಸಿಕೊಳ್ಳುವ ಯೋಗ ಬಂತು. ಅದೂ ಸಾಲದೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿತ್ತು, ಉಸಿರು ಒಳಗೆಳೆದು ಅದರೊಳಗಿನ ಮೂರು ಉಂಡೆಗಳನ್ನು ಮೇಲಕ್ಕೆ ಹಾರಿಸಬೇಕೆಂದಿರಿ. ಒಂದೇ ಒಂದು ಉಂಡೆ ಅರ್ಧ ಎದ್ದು ಬಿತ್ತು. ತಾವು ಚಪ್ಪಾಳೆ ತಟ್ಟಿದಿರಿ. ನನ್ನ ಯಾವ ಪಾಠಕ್ಕೂ ಶಾಲೆಯಲ್ಲಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಮನೆಗೆ ಬಂದಮೇಲಾದರೂ ತಮ್ಮಿಂದ ಬಿಡುಗಡೆಯಾಯಿತೆಂದುಕೊಂಡೆ. ನನ್ನನ್ನು ನೋಡಿಕೊಳ್ಳಲು ಕೆ.ಆರ್. ಪುರದಿಂದ ಬಂದಿಳಿದ ನನ್ನ ಗಂಡನ ಅಕ್ಕ ಗೋವಿಂದಮ್ಮನವರು, "ಹೊಲಿಗೆ ಹಸಿ ಇದೆ ಕಣೇ, ಅಲ್ಲಾಡ್ಬೇಡ" ಎಂದು ಮಂಚದ ಪಕ್ಕ ಕುರ್ಚಿ ಹಾಕಿ ಕಾವಲು ಕೂತರು. ಅಂಥ ಸುಖವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆದು ನಿವೃತ್ತರಾದ ಮುತ್ತುರಾಜ್ ಅವರು, ಈರುಳ್ಳಿಯನ್ನು ಮಾತ್ರ ತೆಂಗಿನಕಾಯಿ ಹೋಳಿನಷ್ಟು ದಪ್ಪಕ್ಕೆ ಹೆಚ್ಚಿ ಸಾರು ಮಾಡಿ ಮಂಚಕ್ಕೇ ತಂದುಕೊಡುತ್ತಿದ್ದರು. ತಮ್ಮ ಮೂರು ಉಂಡೆಗಳು ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದವು.

ಆಮೇಲೆ ಜ್ವರ ಬಂತು. ಉಸಿರು ಸಾಲದೆ, ಶುರುಮಾಡಿದ ವಾಕ್ಯವನ್ನು ನಾನು ನಡುವೆಯೇ ಬಿಡತೊಡಗಿದಾಗ ಮುತ್ತುರಾಜ್ ಅವರು ನಿಜಕ್ಕೂ ಹೆದರಿ, ಆಟೋ ಹತ್ತಿಸಿ ಮತ್ತೆ ತಮ್ಮ ಆಸ್ಪತ್ರೆಗೇ ತಂದು ಹಾಕಿದರು. ಶ್ವಾಸಕೋಶದ ಕೆಳಭಾಗ ಮುದುಡಿಕೊಂಡು ಸೋಂಕಾಗಿದೆ ಎಂದರು ಡಾಕ್ಟರು. ಜ್ವರ ಇಳಿದ ದಿನ ತಾವು ಬಂದು, "ಮನೇಲಿ ಎಷ್ಟು ನಡೀತಿದ್ರಿ?" ಎಂದು ಕೇಳಿದಿರಿ.

"ಒಂದ್ ಹೆಜ್ಜೆ ಇಡಕ್ಕೆ ಬಿಟ್ಟಿಲ್ಲಮ್ಮ ನಾನು!" ಎಂದು ಗೋವಿಂದಮ್ಮನವರು ಎದೆಯುಬ್ಬಿಸಿ ಉತ್ತರಿಸಿದರು. ಆಗಿನ ತಮ್ಮ ಮುಖವನ್ನು ಬಣ್ಣಿಸಲು ಕನ್ನಡದಲ್ಲಿ ಶಬ್ದಗಳಿವೆ, ಆದರೆ ಶಿಕ್ಷಕಿಯಾದವಳು ಬರೆಯುವಂಥವಲ್ಲ.

ಅವರು ಕಾಫಿಗೆ ಹೋದಮೇಲೆ ನಾನು ತಮ್ಮ ಕೈ ಹಿಡಿದುಕೊಂಡು ಹೇಳಿದ್ದು ನೆನಪಿರಬಹುದು. "ಆಪರೇಷನ್ನಲ್ಲಿ ನಿಲ್ಲಿಸಿ ಮತ್ತೆ ಓಡಿಸಿದ ಹೃದಯ ಅಲ್ವೇನಮ್ಮ ಇದು? ಜಾಸ್ತಿ ಕೆಲಸ ಕೊಟ್ಟು, ಮತ್ತೆ ನಿಂತುಬಿಟ್ರೆ?"

ತಾವು ನಗಲಿಲ್ಲ. ಆ ಒಂದು ಅಪರಾಧವನ್ನಾದರೂ ತಾವು ಮಾಡಲಿಲ್ಲವೆಂದು ಇಲ್ಲಿ ದಾಖಲಿಸುತ್ತೇನೆ. ನನ್ನ ಬೆರಳಿಗೆ ನಾಡಿ ನೋಡುವ ಕ್ಲಿಪ್ಪು ಸಿಕ್ಕಿಸಿ, ಮೆಟ್ಟಿಲ ಬಳಿಗೆ ನಡೆಸಿಕೊಂಡು ಹೋಗಿ, "ಹತ್ತಿ. ಹಿಂದೆ ನಾನಿದ್ದೀನಿ" ಎಂದಿರಿ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ತಿರುವು ತಲುಪುವಷ್ಟರಲ್ಲಿ ಎದೆ ಕಿವಿಯೊಳಗೇ ಹೊಡೆದುಕೊಳ್ಳುತ್ತಿತ್ತು.

"ಬಡ್ಕೊಳ್ತಿದೆ ನಾಜಿಶ್!"

"ಬಡ್ಕೊಳ್ಳಲಿ ಬಿಡಿ ಅಮ್ಮಾ, ಅದರ ಡ್ಯೂಟಿನೇ ಅದು."

ನಿಂತಲ್ಲೇ ನಾನು ಅತ್ತೆ. ತಾವು ಕಿಟಕಿಯಾಚೆ ಬಹಳ ಮುಖ್ಯವಾದದ್ದೇನೋ ಕಾಣುತ್ತಿರುವವರಂತೆ, ನಾನು ಮೂಗು ಒರೆಸಿಕೊಳ್ಳುವವರೆಗೂ ರಸ್ತೆಯನ್ನೇ ನೋಡುತ್ತ ನಿಂತಿರಿ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಮನೆಗೆ ಕಳಿಸುವ ದಿನ ಮುತ್ತುರಾಜ್ ಅವರು ಮೆಲ್ಲಗೆ, "ಅಡುಗೆ ಮಾಡ್ಕೊಂಡು ಮನೇಲೇ ಓಡಾಡಿದ್ರೆ ಸಾಕಲ್ವಾ ಮೇಡಂ? ಅದೂ ನಡಿಗೇನೇ" ಎಂದು ಕೇಳಿದಾಗ, ತಾವು ಕೊಟ್ಟ ತೀರ್ಪು ನನ್ನ ಸಂಸಾರವನ್ನೇ ತಲೆಕೆಳಗು ಮಾಡಿತು.

"ಇಲ್ಲ ಸಾರ್, ಅಡುಗೆಮನೆ ಲೆಕ್ಕಕ್ಕಿಲ್ಲ. ಮೂಳೆ ಕೂಡೋವರೆಗೂ ಕುಕ್ಕರ್ ಎತ್ತಂಗಿಲ್ಲ, ಬಕೆಟ್ ಎತ್ತಂಗಿಲ್ಲ, ಹಿಟ್ಟು ನಾದಂಗಿಲ್ಲ. ನಡಿಯೋದು ಮಾತ್ರ. ದಿನಾ, ಹೊರಗಡೆ."

ಮೊದಮೊದಲು ನಮ್ಮ ಬೀದಿಯ ತುದಿಯ ಸೋಡಾ ಅಂಗಡಿಯವರೆಗೆ ಹೋಗಿ, ಕಟ್ಟೆಯ ಮೇಲೆ ಕೂತು ಬಂದೆ. ಆಮೇಲೆ ಹಲಸೂರು ಮಾರ್ಕೆಟ್ಟು, ಅಲ್ಲಿಂದ ಕೆರೆಯ ದಂಡೆ. ವಾರಕ್ಕೊಮ್ಮೆ ತಮ್ಮ ವ್ಯಾಯಾಮದ ತರಗತಿಗೆ ಬಂದು, ನನ್ನಂತೆಯೇ ಎದೆಯ ಮೇಲೆ ಉದ್ದಗೆರೆ ಬರೆಸಿಕೊಂಡವರ ಜೊತೆ ಸೈಕಲ್ ತುಳಿದೆ. ಈಚೆಗಂತೂ ಇಂದಿರಾನಗರದವರೆಗೂ ಹೋಗಿ, ಒಂದು ಲೋಟ ಕಾಫಿಗೆ ಒಂದು ಸಂಜೆಯನ್ನೇ ಕಳೆಯುವ ಹುಡುಗ ಹುಡುಗಿಯರ ನಡುವೆ ಸಕ್ಕರೆಯಿಲ್ಲದ ಕಾಫಿ ಹಿಡಿದು ಕೂರುತ್ತೇನೆ. ಅತ್ತ ಮನೆಯಲ್ಲಿ ಈರುಳ್ಳಿ ದಿನೇದಿನೇ ಸಣ್ಣಗಾಗುತ್ತ ಬಂದು, ಸಾರು ಬಾಯಿಗಿಡುವಂತಾಯಿತು. "ಎದೆ ಕೊಯ್ಸ್ಕೊಂಡೋಳು ಬೀದಿ ಸುತ್ತೋದು, ನನ್ ತಮ್ಮ ಒಗ್ಗರಣೆ ಹಾಕೋದು, ಇದ್ಯಾವ ನ್ಯಾಯ?" ಎಂದು ಗೋವಿಂದಮ್ಮನವರು ಚೀಲ ಎತ್ತಿಕೊಂಡು ಕೆ.ಆರ್. ಪುರದ ಬಸ್ಸು ಹತ್ತಿದರು.

ಹೀಗಿರಲು ಹೋದ ವಾರ ಸರ್ಜನ್ ಸಾಹೇಬರು ನನ್ನನ್ನು ಪರೀಕ್ಷಿಸಿ, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಎಲ್ಲಾ ಕೆಲಸ ಮಾಡಬಹುದು" ಎಂದುಬಿಟ್ಟರು. ಮುತ್ತುರಾಜ್ ಅವರ ಮುಖದಲ್ಲಿ ನಮ್ಮ ಮದುವೆಯ ದಿನವೂ ಅಂಥ ಕಳೆ ಇರಲಿಲ್ಲ. ದಾರಿಯಲ್ಲೇ ದಂಟಿನ ಸೊಪ್ಪಿನ ಕಟ್ಟುಗಳನ್ನು ಕೊಂಡು ಕಂಕುಳಲ್ಲಿರಿಸಿಕೊಂಡು ಬಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ನನ್ನ ಮೂಳೆ, ಸೊಪ್ಪು ಬಿಡಿಸುವ ದಿನಗಳ ಮಟ್ಟಿಗಾದರೂ, ಇನ್ನೂ ಕೂಡಿಲ್ಲವೆಂದು ಘೋಷಿಸಬೇಕು. ಆಸ್ಪತ್ರೆಯ ಗೋಡೆಯ ಮೇಲೆ ಹೃದಯಕ್ಕೆ ಹಾನಿಕರವೆಂದು ಬೀಡಿ ಸಿಗರೇಟುಗಳ ಚಿತ್ರ ಬರೆಸಿರುವ ಕಡೆ, ಅವುಗಳ ಪಕ್ಕದಲ್ಲಿ ನಮ್ಮ ಅಡುಗೆಮನೆಯನ್ನೂ ಬರೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಡುಗೆಮನೆ ಲೆಕ್ಕಕ್ಕಿಲ್ಲ ಎಂಬ ಆ ತೀರ್ಪನ್ನು ತಾವು ಮನೆಮನೆಗೂ ಹೋಗಿ, ಹೆಂಗಸರ ಎದೆ ಕೊಯ್ಯುವುದಕ್ಕೆ ಮೊದಲೇ ಓದಿ ಹೇಳಬೇಕು.

ಅದುವರೆಗೂ ನಾನು ಸುಮ್ಮನೆ ಕೂತಿಲ್ಲ. ಸರ್ಜನ್ ಸಾಹೇಬರು ಹಾಗೆಂದ ಸಂಜೆಯೇ ಕ್ಯಾನ್ವಾಸ್ ಶೂ ಹಾಕಿಕೊಂಡು ಬಾಗಿಲಿಗೆ ಬಂದಾಗ, ಸೊಪ್ಪು ಹಿಡಿದು ನಿಂತಿದ್ದ ಮುತ್ತುರಾಜ್ ಅವರು ಕೇಳಿದರು: "ಎಲ್ಲಾ ಕೆಲಸ ಮಾಡಬಹುದು ಅಂದ್ರಲ್ಲೇ ಡಾಕ್ಟ್ರು?"

"ಮಾಡಬಹುದು ಅಂದ್ರು. ಮಾಡಬೇಕು ಅಂದ್ರಾ? ವ್ಯಾಕರಣ ಪಾಠ ಮಾಡಿದೋಳು ರೀ ನಾನು."

ಅವರು ನನ್ನನ್ನೇ ನೋಡಿದರು, ಸೊಪ್ಪನ್ನು ನೋಡಿದರು. ಅದನ್ನು ಒಳಗಿಟ್ಟು ಬಂದು, ಬಾಗಿಲಿಗೆ ಬೀಗ ಹಾಕುತ್ತ, "ತಡಿ, ನಾನೂ ಬರ್ತೀನಿ" ಎಂದರು.

ತಮ್ಮ ಕೃಪೆಯಿಂದ ಮಂಚವನ್ನೂ, ಈಗ ಒಂಟಿ ನಡಿಗೆಯ ಸುಖವನ್ನೂ ಕಳೆದುಕೊಂಡಿರುವ,

ತಮ್ಮ ವಿಶ್ವಾಸಿ,
ಅಂಜಿನಮ್ಮ
ಮರ್ಫಿ ಟೌನ್

ಮರೆತ ಮಾತು: ಹಲಸೂರಿನ ಏರು ಹತ್ತುವಾಗ ನಾನು ನಿರಾಳವಾಗಿ ಮಾತಾಡುತ್ತಿದ್ದರೆ, ಮುತ್ತುರಾಜ್ ಅವರು ಏದುಸಿರು ಬಿಡುತ್ತ ಹಿಂದೆ ಉಳಿದುಬಿಡುತ್ತಾರೆ, ಕೇಳಿದರೆ ಗ್ಯಾಸು ಅನ್ನುತ್ತಾರೆ. ಸೋಮವಾರ ಅವರನ್ನು ತಮ್ಮಲ್ಲಿಗೆ ಪರೀಕ್ಷೆಗೆ ಕರೆತರುತ್ತಿದ್ದೇನೆ. ಏನೇ ಕಂಡುಬಂದರೂ ಚಿಕಿತ್ಸೆ ಕೊಡಿಸಿ. ವಿಶ್ರಾಂತಿ ಎಂಬ ಶಬ್ದವನ್ನು ಮಾತ್ರ ಅವರ ಕಿವಿಗೆ ಹಾಕಬೇಡಿ.