ಅರವತ್ತರ ತೊಟ್ಟಿಲು

ಮನುಷ್ಯನ ದೊಡ್ಡಸ್ತಿಕೆಯನ್ನು ಅವನ ಗುಣದಿಂದ ಅಳೆಯಬೇಕೇ ಹೊರತು ಬೇರೆ ಯಾವುದರಿಂದಲೂ ಅಲ್ಲವೆಂದು ತಿಳಿದವರೆಲ್ಲ ಹೇಳುತ್ತಾರೆ. ನಮ್ಮ ದೊಡ್ಡಪ್ಪ ಗೇಣಿನಿಂದ ಅಳೆಯುತ್ತಿದ್ದರು.

ಯಾರ ಮನೆಗೆ ಹೋದರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಅದೇ. ಹೆಬ್ಬೆರಳನ್ನು ನೆಲಕ್ಕೆ ಊರಿ, ಕಿರುಬೆರಳನ್ನು ಕುರ್ಚಿಯ ಕಾಲಗುಂಟ ಚಾಚಿ, ಗೇಣು ಹಾಕುತ್ತ ಮೇಲೇರುವುದು. ಮನೆಯವರು ಕುರ್ಚಿ ಕೊಳ್ಳಲಿಕ್ಕೆ ಬಂದಿದ್ದಾರೆಂದು ತಿಳಿಯುತ್ತಿದ್ದರು. ಪಾಪ, ಅವರಿಗೇನು ಗೊತ್ತು? ಆ ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ ಆಸನ ಯಾವುದು, ಅದರ ಮೇಲೆ ಕೂತವನ ವಯಸ್ಸೆಷ್ಟು, ಅವನನ್ನು ಎಬ್ಬಿಸಬೇಕೋ ಬೇಡವೋ ಎಂಬ ಗಹನವಾದ ವಿಚಾರ ಅಲ್ಲಿ ನಡೆದಿರುತ್ತಿತ್ತು!

ಹಿರಿಯರಿಗಿಂತ ಎತ್ತರದಲ್ಲಿ ಕಿರಿಯರು ಕೂಡಬಾರದೆಂಬ ಪದ್ಧತಿ ಆಗ ಹಳಿಯಾಳದ ಎಲ್ಲ ಮನೆಗಳಲ್ಲಿಯೂ ಇತ್ತು. ಮಾವ ಮನೆಯಲ್ಲಿದ್ದರೆ ಸೊಸೆಯಂದಿರು ಮಂಚ ಮುಟ್ಟುತ್ತಿರಲಿಲ್ಲ. ಆದರೆ ಉಳಿದವರು ಪದ್ಧತಿಯೆಂದು ನಡೆಸಿಕೊಂಡು ಬಂದದ್ದನ್ನು ದೊಡ್ಡಪ್ಪ ಶಾಸ್ತ್ರವಾಗಿ ಬೆಳೆಸಿದ್ದರು. ಪೇಟೆಯಲ್ಲಿ ಅವರದು ಅಕ್ಕಿ-ಬೆಲ್ಲದ ಅಂಗಡಿ. ಅಲ್ಲಿ ಅವರ ಗಾದಿ ಎಷ್ಟು ಎತ್ತರದಲ್ಲಿತ್ತೆಂದರೆ ಬೆಲ್ಲ ಕೊಳ್ಳಲು ಬಂದವರು ದೇವರಿಗೆ ಕೈ ಚಾಚಿದಂತೆ ಚಾಚಬೇಕಾಗುತ್ತಿತ್ತು. ಇದು ಅಹಂಕಾರ ಎಂದೀರಿ? ಅಲ್ಲ! ಮಠದ ಅಯ್ಯನವರು ಮನೆಗೆ ಬಂದರೆ ದೊಡ್ಡಪ್ಪ ಬರಿ ನೆಲದ ಮೇಲೆ ಕೂಡುವರು. ಯಾರಾದರೂ ಚಾಪೆ ಹಾಸಿದರೆ, "ಚಾಪಿ ದಪ್ಪ ಐತೆಲೇ!" ಎಂದು ಎಳೆದು ಒಗೆಯುವರು. ನ್ಯಾಯ ಎಂದರೆ ನ್ಯಾಯ.

ಒಂದು ಸಲ ಮಳೆಗಾಲಕ್ಕೆ ಮುಂಚೆ ಮನೆಯ ಹಂಚು ಕೈಯಾಡಿಸಲು ಆಳು ಬಂದ. ಏಣಿ ಹತ್ತಿ ಮಾಡಿನ ಮೇಲೆ ಕೂತ. ಕೆಳಗೆ ಊಟಕ್ಕೆ ಕೂತಿದ್ದ ದೊಡ್ಡಪ್ಪ ತುತ್ತು ಕೈಯಲ್ಲಿ ಹಿಡಿದು ಮೇಲೆ ನೋಡಿದರು.

"ಅಂವಾ ಈಗ ನನ್ನ ತಲಿ ಮ್ಯಾಲೆ ಅದಾನೇನು?"

"ಹೌದ್ರಿ. ಹಂಚು ಅಲ್ಲೇ ಒಡದಾವಲ್ಲ" ಎಂದಳು ದೊಡ್ಡವ್ವ.

"ವಯಸ್ಸೆಷ್ಟು ಅಂವಗ?"

"ಇಪ್ಪತ್ತರ ಮ್ಯಾಲೆ ಇರಬೇಕ್ರಿ."

ದೊಡ್ಡಪ್ಪ ಕೈ ತೊಳೆದುಕೊಂಡು ತೇರಗಾಂವದ ಬೀಗರ ಮನೆಗೆ ಹೊರಟುಹೋದರು. ಹಂಚಿನ ಕೆಲಸ ಮುಗಿಯುವವರೆಗೆ ಬರಲಿಲ್ಲ. ಬಂದಮೇಲೂ ಹೊಸ್ತಿಲ ಹೊರಗೇ ನಿಂತು ಕೇಳಿದ ಮೊದಲ ಮಾತು: "ಇಳದನೇನು?"

ಇಂಥವರು ಅರವತ್ತು ವರ್ಷದವರೆಗೆ ಒಂದೇ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲವೆಂದರೆ ನಿಮಗೆ ಆಶ್ಚರ್ಯವಾಗಬಾರದು. ಫೋಟೋದವರ ಪದ್ಧತಿ ನಿಮಗೆ ಗೊತ್ತೇ ಇದೆ. ಹಿರಿಯರನ್ನು ಮುಂದೆ ಕುರ್ಚಿಯಲ್ಲಿ ಕೂಡಿಸುತ್ತಾರೆ, ಕಿರಿಯರನ್ನು ಹಿಂದೆ ನಿಲ್ಲಿಸುತ್ತಾರೆ. ಅಂದರೆ ಏನಾಯಿತು? ಮಕ್ಕಳ ತಲೆ, ಸೊಸೆಯಂದಿರ ತಲೆ, ಎಲ್ಲವೂ ಯಜಮಾನನ ತಲೆಗಿಂತ ಮೇಲೆ! ಹಿರಿಯ ಮಗನ ಮದುವೆಯಲ್ಲಿ ಧಾರವಾಡದಿಂದ ಬಂದ ಫೋಟೋದವನಿಗೂ ದೊಡ್ಡಪ್ಪನಿಗೂ ಇದೇ ವಿಷಯಕ್ಕೆ ದೊಡ್ಡ ವಾದವಾಯಿತು.

"ಹಂಗಾರ ನೀವು ನಿಂದರ್ರಿ, ಅವರು ಕುಂದರ್ಲಿ" ಎಂದ ಅವನು.

"ಅವರು ಕುಂತಾಗ ನಾ ನಿಂದರಲಿಕ್ಕೆ ನಾ ಏನು ಅವರ ಮನೀ ಆಳೇನೋ?"

ಕೊನೆಗೆ ಆ ಮದುವೆಯ ಫೋಟೋದಲ್ಲಿ ವರನ ತಂದೆ ಇಲ್ಲ. ತಂದೆ ಇಲ್ಲದ ಮೇಲೆ ತಾಯಿ ಒಬ್ಬಳೇ ಹೇಗೆ ನಿಂತಾಳು? ದೊಡ್ಡವ್ವನೂ ಇಲ್ಲ. ಬೀಗರ ಕಡೆಯವರು ಯಾರೋ ಆ ಫೋಟೋ ನೋಡಿ ಹುಡುಗನಿಗೆ ತಂದೆ-ತಾಯಿ ಇಲ್ಲವೆಂದು ಬಹಳ ಮರುಗಿದರಂತೆ.

ಹೀಗಿರುವಾಗ ದೊಡ್ಡಪ್ಪನಿಗೆ ಅರವತ್ತು ತುಂಬಿತು. ತುಂಬಿತೆಂದು ಅವರೇ ತೀರ್ಮಾನಿಸಿದರು. ಪ್ಲೇಗು ಬಂದು ಹೋದಮೇಲೆ ಹುಟ್ಟಿದವರು ಎಂಬುದೊಂದೇ ಆಧಾರ. ಅಯ್ಯನವರನ್ನು ಕರೆಸಿ ಅಭಿಷೇಕ ಮಾಡಿಸೋಣ, ಊಟ ಹಾಕಿಸೋಣ ಎಂದು ಮಕ್ಕಳು ಲೆಕ್ಕ ಹಾಕುತ್ತಿದ್ದರು. ದೊಡ್ಡಪ್ಪ ಅದೆಲ್ಲ ಆಗಲಿ ಎಂದರು. ಆದರೆ ಜೊತೆಗೆ ಒಂದು ಮಾತು ಸೇರಿಸಿದರು: "ಒಂದು ಫೋಟೋ ಆಗಬೇಕು. ನಾ ಸತ್ತಮ್ಯಾಲೆ ಮೊಮ್ಮಕ್ಕಳು ನನ್ನ ಮಾರಿ ಹೆಂಗಿತ್ತಂತ ಯಾರನ್ನ ಕೇಳಬೇಕು?" ಎಂದೂ ಏನನ್ನೂ ಬೇಡದ ಮನುಷ್ಯ ಹೀಗೆ ಹೇಳಿದಾಗ ಮನೆಯವರೆಲ್ಲ ಒಪ್ಪಿದರು. ಆದರೆ ಎಲ್ಲರೂ ಸರಿಯಾದ ಎತ್ತರದಲ್ಲಿರುವ ಫೋಟೋ ತೆಗೆಯುವುದು ಹೇಗೆ? ಮೆಟ್ಟಿಲ ಮೇಲೆ ಎಂದರು ಒಬ್ಬರು. ಮೆಟ್ಟಿಲ ತುದಿಗೆ ಕೂತರೆ ಬಾಗಿಲು ಕಾಯುವವನ ಹಾಗೆ ಕಾಣುತ್ತದೆಂದು ದೊಡ್ಡಪ್ಪ ತಳ್ಳಿಹಾಕಿದರು.

ಆಗ ನಾನು ದಾಂಡೇಲಿಯಲ್ಲಿ ಕಾಡಿನ ಮರ ಮಾರುವ ನಾಟಾ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಕಾಗದದ ಗಿರಣಿ ಬಂದು ಊರು ಹೊಸದಾಗಿ ಬೆಳೆಯುತ್ತಿದ್ದ ಕಾಲ. ಕೆಲಸಗಾರರ ಕೈಯಲ್ಲಿ ಪಗಾರ ಆಡುತ್ತಿದ್ದುದನ್ನು ಕಂಡು ಎಲ್ಲಿಂದಲೋ ಒಂದು ಎಕ್ಸಿಬಿಷನ್ ಬಂದು ಬಯಲಲ್ಲಿ ತಳವೂರಿತ್ತು. ಕನ್ನಡಿಗಳ ಮನೆ, ಮೋಟಾರ್ ಸೈಕಲ್ ಓಡುವ ಮೃತ್ಯುಕೂಪ, ತಿರುಗುವ ಮರದ ಕುದುರೆಗಳು, ಎಲ್ಲಕ್ಕಿಂತ ಮಿಗಿಲಾಗಿ ಎಂಜಿನ್ನಿನ ಮೇಲೆ ಗಾಲಿಯ ಹಾಗೆ ಮೇಲೆ-ಕೆಳಗೆ ತಿರುಗುವ ಒಂದು ದೊಡ್ಡ ತೊಟ್ಟಿಲು. ನನ್ನನ್ನು ನೋಡಲು ಬಂದ ದೊಡ್ಡಪ್ಪ ಅದರ ಮುಂದೆ ನಿಂತವರು ಕದಲಲಿಲ್ಲ.

"ತಮ್ಮಾ, ಇದರಾಗ ಒಬ್ಬರ ಮ್ಯಾಲೊಬ್ಬರು ಕುಂತಿರತಾರಲ್ಲ?"

"ಹೌದ್ರಿ ದೊಡ್ಡಪ್ಪ."

"ನಿಂತಾಗ ಹಿರೇರು ತುದೀಗೆ, ಕಿರೇರು ಕೆಳಗ, ಹಂಗ ನಿಲ್ಲಸಬಹುದಲ್ಲ?"

"ತೊಟ್ಟಿಲದಾಂವ ಮನಸ್ಸ ಮಾಡಿದ್ರ ನಿಲ್ಲಸಬಹುದ್ರಿ."

ದೊಡ್ಡಪ್ಪ ತಲೆಯ ರುಮಾಲು ತೆಗೆದು ಬೆವರು ಒರೆಸಿಕೊಂಡರು. ಅವರ ಮುಖದಲ್ಲಿ ಸತ್ಯವನ್ನು ಕಂಡವರ ಕಳೆ ಇತ್ತು.

"ಹಂಗಾರ ಅರವತ್ತು ಇಲ್ಲೇ ಮಾಡೂಣು" ಎಂದರು.

ಹೀಗೆ ನಮ್ಮ ವಂಶದಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಕುಟುಂಬ ಸಮೇತ ಹವಾ ತಿನ್ನುವ ಪ್ರವಾಸ ಏರ್ಪಟ್ಟಿತು. ನಾನು ಡಿಪೋದ ಸಾಹೇಬರ ಕಾಲು ಹಿಡಿದು ಹೊಳೆಯ ದಂಡೆಯ ಬಂಗಲೆಯಲ್ಲಿ ಎರಡು ಖೋಲಿ ಕೊಡಿಸಿದೆ. ದೊಡ್ಡಪ್ಪ, ದೊಡ್ಡವ್ವ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಮೊಮ್ಮಕ್ಕಳು, ಜೋಳದ ರೊಟ್ಟಿಯ ಗಂಟುಗಳು, ಎಲ್ಲವೂ ಹಳಿಯಾಳದ ಬಸ್ಸಿನಲ್ಲಿ ಬಂದವು. ಬಸ್ಸಿನಲ್ಲಿ ಹಿಂದಿನ ಗಾಲಿಯ ಮೇಲಿನ ಸೀಟು ಉಳಿದವುಗಳಿಗಿಂತ ಅರ್ಧ ಗೇಣು ಎತ್ತರವೆಂದು ಕಂಡುಹಿಡಿದ ದೊಡ್ಡಪ್ಪ ಅದರ ಮೇಲೆಯೇ ಕೂತಿದ್ದರು. ಕಾಡಿನ ಹಾದಿ, ತಗ್ಗು-ದಿನ್ನೆ! ಪ್ರತಿ ತಗ್ಗಿಗೂ ಅವರ ತಲೆ ಬಸ್ಸಿನ ಮಾಡಿಗೆ ಬಡಿಯುತ್ತಿತ್ತು. "ಮುಂದ ಬರ್ರೀ ಅಪ್ಪಾ" ಎಂದು ಹಿರಿಯ ಮಗ ಕರೆದದ್ದಕ್ಕೆ, "ಎತ್ತರ ಅಂದಮ್ಯಾಲೆ ಅಷ್ಟು ಇರತೈತಿ" ಎಂದರಂತೆ.

ಬಂಗಲೆಯಲ್ಲಿ ಇನ್ನೊಂದು ಸಂಕಟ. ಅಲ್ಲಿ ಸಾಹೇಬರಿಗೆಂದು ಇಟ್ಟಿದ್ದ ದೊಡ್ಡ ಆರಾಮ ಕುರ್ಚಿಯನ್ನು ಅಲ್ಲಿಯ ಅಡಿಗೆಯವ ಖಾನಸಾಮ ಗೌರವದಿಂದ ದೊಡ್ಡಪ್ಪನಿಗೆ ಕೊಟ್ಟ. ಅದು ಎಂಥ ಕುರ್ಚಿ? ಕೈಗಳು ಉದ್ದ, ಬೆನ್ನು ಉದ್ದ, ಕೂಡುವ ಜಾಗ ಮಾತ್ರ ನೆಲಕ್ಕೆ ಹತ್ತಿದ್ದು. ಅದರಲ್ಲಿ ದೊಡ್ಡಪ್ಪ ಮುಳುಗಿದರು. ಅವರು ಅಷ್ಟು ಕೆಳಗೆ ಹೋದಮೇಲೆ ಉಳಿದವರ ಗತಿ ಏನು? ಮಕ್ಕಳು ಚಾಪೆಯ ಮೇಲೆ ಕೂತು ಸೊಂಟ ಬಗ್ಗಿಸಿದರು. ಸೊಸೆಯಂದಿರು ಹೊರಗಿನ ಮೆಟ್ಟಿಲಿಗೆ ಇಳಿದರು. ಸುತ್ತ ಬೆತ್ತದ ಕುರ್ಚಿಗಳು ಖಾಲಿ. ಚಹಾ ತಂದ ಖಾನಸಾಮ ಬಾಗಿಲಲ್ಲೇ ನಿಂತು, "ಇಲ್ಲಿ ಕುರ್ಚಿ ಮ್ಯಾಲೆ ತಿಗಣಿ ಇಲ್ಲರೀ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಊಟವಾದಮೇಲೆ ಯುದ್ಧದ ಸಿದ್ಧತೆ. ದೊಡ್ಡಪ್ಪ ಹಿಟ್ಟು ನಾದುವ ಒಂದು ದುಂಡನೆಯ ಪರಾತ ತರಿಸಿ ಅದರ ಅಂಚಿಗುಂಟ ಎಂಟು ಕಡೆ ಕಡಲೆಕಾಳು ಇಟ್ಟರು. ತೊಟ್ಟಿಲುಗಳು ಎಂಟು. ತಮ್ಮ ಜಾಗದಲ್ಲಿ ಮಾತ್ರ ಕಾಳಿನ ಬದಲು ಬೆಲ್ಲದ ಹರಳು. ಅದರ ಎರಡು ಕಡೆ ಗಂಡುಮಕ್ಕಳು, ಅವರ ಕೆಳಗೆ ಸೊಸೆಯಂದಿರು ಮತ್ತು ಮೊಮ್ಮಕ್ಕಳು. ದೊಡ್ಡವ್ವನಿಗೆ ಎರಡನೆಯ ಸ್ಥಾನ ಸಲ್ಲಬೇಕು. ಆದರೆ ಆಕೆಯೇ ಬೇಡವೆಂದಳು.

"ನನಗ ಎಲ್ಲಾರಕಿಂತ ಕೆಳಗಿಂದು ಕೊಡ್ರಿ. ನೆಲ ಹತ್ತರ ಇದ್ರ ಜೀವಕ್ಕ ಸಮಾಧಾನ."

ಹುಟ್ಟುಹಬ್ಬದ ಔದಾರ್ಯದಲ್ಲಿ ದೊಡ್ಡಪ್ಪ ಒಪ್ಪಿದರು. ತಮ್ಮ ನೇರ ಎದುರಿಗೆ, ಪರಾತದ ಆಚೆ ಅಂಚಿಗೆ, ಆಕೆಯ ಕಾಳನ್ನು ಇಟ್ಟರು. ಅಷ್ಟರಲ್ಲಿ ಎರಡನೆಯ ಮಗನನ್ನು ಮೊಮ್ಮಗಳು ತಿಂದುಬಿಟ್ಟಳು. ಬೇರೆ ಮಗನನ್ನು ಇಟ್ಟು, ಎತ್ತರ ಹೇಗೆ ಕಾಣುತ್ತದೆ ನೋಡೋಣವೆಂದು ದೊಡ್ಡಪ್ಪ ಪರಾತವನ್ನು ಎತ್ತಿ ನಿಲ್ಲಿಸಿದರು. ಇಡೀ ಮನೆತನ ನೆಲಕ್ಕೆ ಬಿತ್ತು.

ಮರುದಿನ ಸಂಜೆ ಹುಬ್ಬಳ್ಳಿಯಿಂದ ಫೋಟೋದವನು ಬಂದ. ಮುಕ್ಕಾಲಿಯ ಮೇಲಿನ ಕ್ಯಾಮೆರಾ, ಕರಿ ಬಟ್ಟೆ, ಪೆಟ್ಟಿಗೆಯಲ್ಲಿ ಕೆಲವೇ ಗಾಜಿನ ಪ್ಲೇಟುಗಳು. ನನಗೆ ತೊಟ್ಟಿಲಲ್ಲಿ ಜಾಗವಿರಲಿಲ್ಲ. ನಾನು ನೆಲದ ಮೇಲೆ ನಿಂತು, ದೊಡ್ಡಪ್ಪ ತುದಿಗೆ ಬಂದ ಗಳಿಗೆಯಲ್ಲಿ ಟುವಾಲು ಬೀಸಬೇಕು. ಟುವಾಲು ಕಂಡ ತೊಟ್ಟಿಲದವನು ಎಂಜಿನ್ ಹಿಡಿಯಬೇಕು. ತೊಟ್ಟಿಲು ನಿಂತೊಡನೆ ಫೋಟೋದವನು ಒತ್ತಬೇಕು. ಇಷ್ಟೇ!

ಮೊದಲ ಸಲ ಎಲ್ಲವೂ ಸರಿಯಾಗಿ ನಿಂತಿತು. ಆದರೆ ಮೇಲಿನಿಂದ ದೊಡ್ಡಪ್ಪ ಹಿರಿಯ ಮಗನನ್ನು ನೋಡಿ, "ಅವನ ತೊಟ್ಟಿಲಾ ಈ ಬಾಜೂ ಎತ್ತರ ಆಗೇತಿ! ಇನ್ನೊಂದು ಗೇಣು ಒಯ್ಯೋ!" ಎಂದು ಕೂಗುತ್ತ ಎದ್ದು ನಿಂತರು. ತೊಟ್ಟಿಲು ಓಲಾಡಿತು, ಪ್ಲೇಟು ಹಾಳಾಯಿತು. ಮುಂದಿನ ಸಲ ಅವರು ಅಲ್ಲಾಡದೆ ಕೂತರು. ತೊಟ್ಟಿಲದವನೇ ಒಂದು ತೊಟ್ಟಿಲು ಮುಂದೆ ಬಿಟ್ಟ. ನಡುವಿನ ಮಗ ತುದಿಗೆ ಬಂದು, ತಾನು ಮಾಡಿದ ಪಾಪಕ್ಕೆ ಹೆದರಿ, ತೊಟ್ಟಿಲ ತಳದಲ್ಲಿ ಕುಕ್ಕರಿಸಿಬಿಟ್ಟ. ಹೀಗೆ ಹಾಳಾಗುತ್ತ ಹಾಳಾಗುತ್ತ ಕೊನೆಯ ಪ್ಲೇಟು ಉಳಿಯಿತು. ಹೊತ್ತು ಕಾಡಿನ ಮೇಲಕ್ಕೆ ಇಳಿದಿತ್ತು. ನೋಡಲು ಜನ ಸೇರಿದ್ದರು. ಮೃತ್ಯುಕೂಪದಲ್ಲಿ ಗಿರಾಕಿಗಳೇ ಇಲ್ಲದೆ ಮೋಟಾರ್ ಸೈಕಲ್ಲಿನವನೂ ಬಂದು ನಿಂತಿದ್ದ.

ತೊಟ್ಟಿಲು ಮತ್ತೆ ತಿರುಗಿತು. ನಾನು ಟುವಾಲು ಎತ್ತಿ ಹಿಡಿದಿದ್ದೆ, ಇನ್ನೂ ಬೀಸಿರಲಿಲ್ಲ. ಫಟ್ ಎಂದು ಸದ್ದಾಯಿತು. ಎಂಜಿನ್ನಿನ ಪಟ್ಟಾ ಹರಿದಿತ್ತು. ತೊಟ್ಟಿಲು ಒಮ್ಮೆ ಕುಲುಕಿ ನಿಂತುಬಿಟ್ಟಿತು.

ನಿಂತದ್ದು ಹೇಗೆ? ದೊಡ್ಡಪ್ಪ ತಳದಲ್ಲಿ, ನನ್ನ ಮೊಣಕಾಲಿನ ಮಟ್ಟಕ್ಕೆ. ಅವರ ನೇರ ಎದುರಿನ ತೊಟ್ಟಿಲಲ್ಲಿದ್ದ ದೊಡ್ಡವ್ವ ಮುಗಿಲಿನಲ್ಲಿ. ಪರಾತದಲ್ಲಿ ಕಡಲೆಕಾಳು ಇಟ್ಟು ತಾಸುಗಟ್ಟಲೆ ಯೋಚಿಸಿದ ಮನುಷ್ಯನಿಗೆ, ಎದುರಿಗೆ ಕೂತವರು ತನ್ನಷ್ಟೇ ಸಲ ತುದಿಗೆ ಹೋಗುತ್ತಾರೆಂದು ಹೊಳೆದೇ ಇರಲಿಲ್ಲ!

"ಪಟ್ಟಾ ಜೋಡಸೂತನಾ ಹೊತ್ತು ಹಿಡಿತೈತ್ರಿ ಸಾಹೇಬ್ರ" ಎಂದ ತೊಟ್ಟಿಲದವನು.

ದೊಡ್ಡವ್ವ ಹೆದರಿ ಅಳುತ್ತಾಳೆಂದು ನಾವೆಲ್ಲ ಮೇಲೆ ನೋಡಿದೆವು. ಮೇಲಿನಿಂದ ಬಂದದ್ದು ಬೇರೆ ಸದ್ದು. ದೊಡ್ಡವ್ವ ನಗುತ್ತಿದ್ದಳು! ಗಾಳಿಗೆ ಸೆರಗು ತಲೆಯಿಂದ ಜಾರಿತ್ತು, ಅದನ್ನು ಎಳೆದುಕೊಳ್ಳುವುದೂ ಆಕೆಗೆ ನೆನಪಿರಲಿಲ್ಲ.

"ಇಲ್ನೋಡ್ರೀ! ಹೊಳಿ ಕಾಣತೈತಿ! ಅಲ್ಲಿ ಗಿರಣಿ ಚಿಮಣಿ ಐತಲ್ಲ, ಅದೂ ನನ್ನ ಸರಿಸಮ ಐತ್ರೀ! ಅಡವಿ ಮುಗಿಯಂಗೇ ಇಲ್ಲ!" ಆಮೇಲೆ ಕೆಳಗೆ ಬಗ್ಗಿ ನೋಡಿ, "ಅಯ್ಯ ನಮ್ಮವ್ವ! ನೀವು ಎಷ್ಟ ಸಣ್ಣಾವ್ರು ಕಾಣತೀರಿ!"

ಜನ ಗೊಳ್ಳೆಂದು ನಕ್ಕರು. ಮನೆಯವರು ಯಾರೂ ನಗಲಿಲ್ಲ.

ಫೋಟೋದವನು ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದ. "ಯಜಮಾನ್ರ, ಬೆಳಕು ಹೋಗಾಕ ಹತ್ತೇತಿ. ಇರೂದು ಒಂದ ಪ್ಲೇಟು. ಇವತ್ತು ಬ್ಯಾಡ ಬಿಡ್ರಿ, ನೀವು ಹೇಳಿದಂಗ ಮತ್ತೊಮ್ಮೆ ಬಂದು ತೆಗೀತೇನಿ."

ದೊಡ್ಡಪ್ಪ ತೊಟ್ಟಿಲಿನಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಕತ್ತು ಎತ್ತಿ ಹೆಂಡತಿಯ ಮುಖ ನೋಡುವ ಪ್ರಸಂಗ ಅವರಿಗೆ ಬಂದಿರಲಿಲ್ಲ.

"ತಗೀ" ಎಂದರು.

"ನೀವು ತಳದಾಗ ಇದ್ದೀರಲ್ರೀ..."

"ನನಗೂ ಕಣ್ಣು ಅದಾವು. ಆಕಿ ನಗೂದು ನಿಲ್ಲೂದ್ರಾಗ ತಗಿಯೋ, ಮಾರಾಯಾ!"

ಫೋಟೋದವನು ಒತ್ತಿದ. ದೊಡ್ಡಪ್ಪ ರುಮಾಲು ಸರಿಮಾಡಿಕೊಂಡು ಸುತ್ತಲಿನ ಜನರ ಕಡೆ ನೋಡಿದರು. ಕೋಟೆ ಗೆದ್ದವರೂ ಹಾಗೆ ನೋಡಿರಲಾರರು. "ನಮ್ಮ ಮನೀಯವರು" ಎಂದು ಮೃತ್ಯುಕೂಪದವನಿಗೆ ಮೇಲೆ ಬೆರಳು ತೋರಿಸಿ ಹೇಳಿದರು. "ಅಲ್ಲೆ, ತುದೀಗೆ."

ಹದಿನೈದು ದಿನಗಳಾದಮೇಲೆ ಫೋಟೋ ಹಳಿಯಾಳಕ್ಕೆ ಬಂತು. ಅದರಲ್ಲಿ ಎಲ್ಲರೂ ಇದ್ದಾರೆ. ದೊಡ್ಡವ್ವನ ಮುಖ ಬೇಳೆಯಷ್ಟು ಸಣ್ಣದು, ಆದರೂ ನಗು ಕಾಣುತ್ತದೆ. ದೊಡ್ಡಪ್ಪನ ಮುಖಕ್ಕೆ ನನ್ನ ಕೈಯಿಂದ ಕೆಳಗೆ ಜೋತಿದ್ದ ಟುವಾಲು ಅಡ್ಡ ಬಂದು ರುಮಾಲು ಮಾತ್ರ ಬಿದ್ದಿದೆ. ಅದಕ್ಕೆ ಗಾಜು ಕಟ್ಟಿಸಿ, ಅಂಗಡಿಯಲ್ಲಿ ತಮ್ಮ ಗಾದಿಯ ಹಿಂದಿನ ಗೋಡೆಗೆ, ತಮ್ಮ ತಲೆಗಿಂತ ಎರಡು ಗೇಣು ಮೇಲೆ, ದೊಡ್ಡಪ್ಪ ಮೊಳೆ ಹೊಡೆಸಿದರು.