ಪಾಸಿನವನು ಲಾರಿಯಲ್ಲಿ, ಕುಬುಸ ಬಸ್ಸಿನಲ್ಲಿ

ಒಂದೇ ಪಾಸು ತೋರಿಸಿ ಬಸ್ಸು, ಲಾರಿ, ಚಕ್ಕಡಿ ಮೂರನ್ನೂ ಹತ್ತುವ ಅಧಿಕಾರ ಇಡೀ ಹಳಿಯಾಳದಲ್ಲಿ ನನ್ನೊಬ್ಬನಿಗೇ ಇತ್ತು. ದಾಂಡೇಲಿಯಲ್ಲಿ ಕಾಗದದ ಗಿರಣಿ ಹೊಸದಾಗಿ ಶುರುವಾಗಿದ್ದ ಕಾಲವದು. ದಾಂಡೇಲಿ ದಾಟಿ, ಜೋಯಿಡಾ ದಾರಿಯಲ್ಲಿ ನಾಲ್ಕು ಮೈಲು ಒಳಗೆ ಒಬ್ಬ ಸಾವುಕಾರರ ಕಟ್ಟಿಗೆ ಡಿಪೋ. ಅಲ್ಲಿ ನಾನು ಕಾರಕೂನ. ದಿನಾ ಹಳಿಯಾಳದಿಂದ ಬಂದು ಹೋಗುವ ನನ್ನ ಪಡಿಪಾಟಲು ನೋಡಲಾರದೆ ಸಾವುಕಾರರೇ ಬಸ್ಸಿನವರ ಜೊತೆ ಮಾತಾಡಿ, ಬಸ್ಸಿಗೂ ಡಿಪೋದ ಗಾಡಿಗಳಿಗೂ ನಡೆಯುವ ಆ ಜೋಡು ಪಾಸು ಮಾಡಿಸಿಕೊಟ್ಟಿದ್ದರು.

ಬೇರೆಯವರಾಗಿದ್ದರೆ ಪಾಸಿನ ಮುಂಬದಿ ನೋಡಿ ಕಿಸೆಗೆ ಹಾಕುತ್ತಿದ್ದರು. ನಾನು ಹಿಂಬದಿ ಓದಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಹನ್ನೊಂದು ಕಲಮುಗಳಿದ್ದವು. ಪಾಸುದಾರನ ಹಕ್ಕುಗಳು! ಅವನ್ನು ಬಾಯಿಪಾಠ ಮಾಡಿ ರಾತ್ರಿ ಊಟದ ಹೊತ್ತಿಗೆ ನನ್ನ ಹೆಂಡತಿ ಗಂಗವ್ವನಿಗೆ ಒಪ್ಪಿಸುತ್ತಿದ್ದೆ. ಆಕೆ ರೊಟ್ಟಿ ತಟ್ಟುತ್ತ, "ಬಸ್ಸ ಬಂದ್ರ ಹತ್ರಿ, ಊರ ಬಂದ್ರ ಇಳೀರಿ. ಅದಕ್ಯಾಕ ಇಷ್ಟ ಪುರಾಣ?" ಅನ್ನುತ್ತಿದ್ದಳು. ಹಕ್ಕಿನ ಮಹತ್ವ ಆಕೆಗೆ ತಿಳಿಯದೆಂದು ನಾನು ಮರುಗುತ್ತಿದ್ದೆ.

ಹಕ್ಕನ್ನು ಸುಮ್ಮನೆ ಇಟ್ಟುಕೊಂಡರೆ ತುಕ್ಕು ಹಿಡಿಯುತ್ತದೆಂದು ಒಮ್ಮೆ ಚಲಾಯಿಸಿಯೂ ನೋಡಿದ್ದೆ. ಡಿಪೋದ ಲಾರಿ ಡ್ರೈವರ ಹುಸೇನಸಾಬ ನನ್ನನ್ನು ಗೇಟಿಗಿಂತ ಅರ್ಧ ಮೈಲು ಮೊದಲೇ, ಚಹಾದಂಗಡಿ ಹತ್ತಿರ ಇಳಿಸಿಬಿಟ್ಟಿದ್ದ. ನಾನು ಎರಡು ಪುಟ ತಕರಾರು ಅರ್ಜಿ ಬರೆದೆ. ಆರನೇ ಕಲಮಿನ ಪ್ರಕಾರ ಪಾಸುದಾರನನ್ನು ಡಿಪೋದ ಗೇಟಿಗೇ ಮುಟ್ಟಿಸಿ ಸಹಿ ಪಡೆಯತಕ್ಕದ್ದು, ಯಾವ ಕಾರಣಕ್ಕೂ ನಡುವೆ ಇಳಿಸಕೂಡದು. ಸಾವುಕಾರರು ಹುಸೇನಸಾಬನನ್ನು ಕರೆದು, ಇನ್ನೊಮ್ಮೆ ಹೀಗಾದರೆ ಮನೆಗೆ ಕಳಿಸುತ್ತೇನೆ ಎಂದು ಬೈದರು. ನನ್ನ ಎದೆ ಎರಡು ಗೇಣು ಉಬ್ಬಿತು.

ಇದಾದ ಮೂರನೇ ವಾರ ನನ್ನ ತಂಗಿ ಶಾಂತಾಳ ಕುಬುಸದ ಕಾರ್ಯ ಬಂತು. ಶಾಂತಾಳ ಗಂಡ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವರ ಮನೆ ದಾಂಡೇಲಿಯ ದೊಡ್ಡ ರಸ್ತೆಗೇ ಹತ್ತಿಕೊಂಡಿತ್ತು. ಅವಳಿಗೆ ಏಳು ತಿಂಗಳು. ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಹಸಿರು ಸೀರೆ, ಕುಬುಸ ಅವಳ ಉಡಿಯಲ್ಲಿ ಇಡಬೇಕು. ನಮ್ಮ ಅಪ್ಪ ಅವ್ವ ತೀರಿಕೊಂಡು ಬಹಳ ವರ್ಷ. ಅವಳಿಗೆ ತವರು ಅಂದರೆ ನಾನೊಬ್ಬನೇ. ಅವಳ ಅತ್ತೆಯ ಬಾಯಿಯೋ, ಕೇಳಬೇಡಿ. ಮಧ್ಯಾಹ್ನ ಹನ್ನೆರಡರೊಳಗೆ ಉಡಿ ತುಂಬಬೇಕೆಂದು ಮುಹೂರ್ತ ನೋಡಿದ ಅಯ್ಯನವರು ಹೇಳಿದ್ದರು. ತಪ್ಪಿದರೆ "ತವರ ಇಲ್ಲದಾಕಿ" ಅನ್ನುವ ಮಾತು ಆ ಹುಡುಗಿಯ ತಲೆಗೆ ಕಾಯಮ್ಮಾಗಿ ಅಂಟುತ್ತಿತ್ತು.

ಅದಕ್ಕೇ ಆ ದಿನ ರಜೆ ಹಾಕಿ ಬೆಳಗಿನ ಬಸ್ಸಿಗೇ ಹೊರಟೆವು. ಸೀರೆಯ ಗಂಟು, ಕರಿಗಡಬಿನ ಬುಟ್ಟಿ, ಸಜ್ಜಿರೊಟ್ಟಿಯ ಬುತ್ತಿ ಎಲ್ಲ ಗಂಗವ್ವನ ಸುತ್ತ. ಆಕೆ ಟಿಕೀಟು ತೆಗೆಸಿದಳು. ನಾನು ಪಾಸು ತೋರಿಸಿದೆ. ಅರ್ಧ ದಾರಿಯಲ್ಲಿ ಬಸ್ಸು ಪಂಕ್ಚರಾಗಿ ನಿಂತಿತು.

"ಹತ್ತ ನಿಮಿಷ. ಗಾಲಿ ಬದಲ ಮಾಡಿ ಹೊಂಡೂಣು," ಎಂದ ಕಂಡಕ್ಟರ ಮಲ್ಲಪ್ಪ. ನಾನು ಗಡಿಯಾರ ಹಿಡಿದು ಕೂತೆ. ಹತ್ತು ನಿಮಿಷ ಹೋಯಿತು. ಹದಿನೈದು ಆಯಿತು. ಹದಿನಾರನೇ ನಿಮಿಷಕ್ಕೆ ನಾನು ಎದ್ದು ನಿಂತೆ.

"ಐದನೇ ಕಲಮು. ಬಸ್ಸು ಕಾಲು ತಾಸಿಗಿಂತ ಹೆಚ್ಚು ನಿಂತರ ಪಾಸುದಾರ ಡಿಪೋದ ಲಾರಿ ಹತ್ತಬಹುದು," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ.

"ಗಾಲಿ ಹಾಕಿ ಆತ್ರಿ. ಎರಡ ನಟ್ಟ ಬಿಗಿಯೂದ ಉಳದೈತಿ. ಸುಮ್ನ ಕುಂದರ್ರಿ," ಎಂದ ಮಲ್ಲಪ್ಪ.

ಅಷ್ಟರಲ್ಲಿ ಹಿಂದಿನಿಂದ ನಮ್ಮ ಡಿಪೋದ ಲಾರಿಯೇ ಬರಬೇಕೆ! ಕೈ ಮಾಡಿದೆ. ಲಾರಿ ನಿಂತಿತು. ಹಕ್ಕು ಅಂದರೆ ಇದು.

"ಬಾ, ಲಾರಿಯೊಳಗ ಲಗೂನ ಮುಟ್ಟತೇವಿ," ಎಂದೆ ಗಂಗವ್ವನಿಗೆ.

"ಪಾಸ ನಿಮ್ಮ ಹೆಸರಿಲೆ ಐತಿ, ನನ್ನ ಹೆಸರಿಲೆ ಇಲ್ಲ. ಬುತ್ತಿ ಹೊತ್ಕೊಂಡ ನಾ ಲಾರಿ ಹತ್ತಾಕಿ ಅಲ್ಲ. ಬೇಕಾದ್ರ ನೀವ ಹೋಗ್ರಿ."

"ಮುಂದ ಹೋಗಿ ಬಂದವರನ್ನ ಕುಂದರಸ್ತೇನಿ. ನೀ ಹಿಂದಿಂದ ಬಾ," ಎಂದು ಬಸ್ಸಿನವರಿಗೆಲ್ಲ ಕೈ ಬೀಸಿ ಲಾರಿ ಏರಿದೆ. ಬಸ್ಸನ್ನು ಹಿಂದೆ ಹಾಕಿ ಹೋಗುವ ಸುಖ ಅನುಭವಿಸಿದವನೇ ಬಲ್ಲ.

ದಾಂಡೇಲಿ ಬಂತು. ದೂರದಿಂದಲೇ ಶಾಂತಾಳ ಮನೆಯ ಮುಂದಿನ ಹಂದರ ಕಂಡಿತು. ಬಾಗಿಲಲ್ಲಿ ಹೆಂಗಸರು ನಿಂತು ರಸ್ತೆ ನೋಡುತ್ತಿದ್ದರು. "ಇಲ್ಲೇ ನಿಲ್ಲಸ," ಎಂದೆ. ಹುಸೇನಸಾಬ ನಿಲ್ಲಿಸಲಿಲ್ಲ.

"ನಡುವ ಇಳಿಸಾಕ ಬರೂದಿಲ್ರಿ ಕಾರಕೂನರ. ಆರನೇ ಕಲಮು."

"ಅದು ನನ್ನ ಹಕ್ಕೋ, ನಾ ಬಿಟ್ಟಕೊಟ್ಟೇನಿ."

"ಬಿಟ್ಟಕೊಡಾಕ ಕಲಮ ಐತೇನ್ರಿ?"

ಹನ್ನೊಂದೂ ಕಲಮುಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಾಂತಾ ನನ್ನನ್ನು ನೋಡಿ ನಕ್ಕಳು. ನಾನು ಲಾರಿಯಿಂದ ಎರಡೂ ಕೈ ಬೀಸಿ ಕೂಗಿದೆ. ಪಾಪ, ಅವಳೂ ಕೈ ಬೀಸಿದಳು. ಲಾರಿ ಮುಂದೆ ಹೋಯಿತು.

"ನನಗ ಮೂರ ಮಕ್ಕಳ ಅದಾವ್ರಿ. ನೀವ ಇನ್ನೊಂದ ಅರ್ಜಿ ಬರದ್ರ ನಾ ಎಲ್ಲಿ ಹೋಗ್ಲಿ?" ಎಂದ ಹುಸೇನಸಾಬ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಹೆದರಿಕೆಯೇ ಇತ್ತು.

ಡಿಪೋದ ಗೇಟಿನಲ್ಲಿ ಇಳಿಸಿ, ಪುಸ್ತಕ ಹಿಡಿದು ಸಹಿ ಕೇಳಿದ. ಸಹಿ ಮಾಡಿದೆ. ಗೇಟಿನ ಪುಸ್ತಕದಲ್ಲಿ ಸಹಿ ಮಾಡಿದವನು ಆ ದಿನ ಕೆಲಸಕ್ಕೆ ಹಾಜರು ಎಂಬುದು ನಮ್ಮ ಡಿಪೋದ ಪದ್ಧತಿ. ಮ್ಯಾನೇಜರರು ಹೊರಗೆ ಬಂದು, "ರಜಾ ಅಂದಿದ್ರಿ, ಆದ್ರೂ ಬಂದ್ರಲ್ಲ. ಇಂಥಾ ನಿಷ್ಠಾ ಇರಬೇಕು. ಬರ್ರಿ, ಆ ಸಾಗವಾನಿ ದಿಮ್ಮಿಗೆ ನಂಬರ ಹಾಕೂದೈತಿ," ಎಂದು ಸುಣ್ಣದ ಡಬ್ಬಿ, ಕುಂಚ ಕೈಗಿಟ್ಟರು.

ಅವರ ಕೈಕಾಲು ಹಿಡಿದು ಹಾಜರಿ ಹೊಡೆದು ಹಾಕಿಸುವಷ್ಟರಲ್ಲಿ ಹನ್ನೊಂದೂವರೆ. ಡಿಪೋದ ಚಕ್ಕಡಿ ನಿಂತಿತ್ತು. ಆದರೆ ಎಂಟನೇ ಕಲಮಿನ ಪ್ರಕಾರ ವಾಪಸು ಒಯ್ಯುವ ಹಕ್ಕು ಕೆಲಸ ಮುಗಿದ ಮೇಲೆ ಮಾತ್ರ. ಚಕ್ಕಡಿಯವನಿಗೂ ಅದು ಗೊತ್ತಿತ್ತು. ಹೇಳಿಕೊಟ್ಟವನು ನಾನೇ.

ಧೋತರ ಎತ್ತಿ ಕಟ್ಟಿಕೊಂಡು ಓಡಿದೆ. ನಾಲ್ಕು ಮೈಲು, ಅರ್ಧ ಓಟ, ಅರ್ಧ ನಡಿಗೆ. ಬಿಸಿಲಿಗಿಂತ ಹೆಚ್ಚಾಗಿ ಶಾಂತಾಳ ಮುಖ ನೆನೆದು ಕಣ್ಣಲ್ಲಿ ನೀರು ಬಂತು. ಬುದ್ಧಿ ಇಲ್ಲದ ಮನುಷ್ಯ ನಾನು ಎಂದು ಅವತ್ತು ಮೊದಲ ಸಲ ನನಗೇ ಅನ್ನಿಸಿತು.

ಹಂದರದೊಳಗೆ ಕಾಲಿಟ್ಟಾಗ ಒಂದು ಗಂಟೆ ಹೊಡೆದಿತ್ತು. ಶಾಂತಾ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು. ಅವಳ ಪಕ್ಕದ ಮಣೆಯಲ್ಲಿ, ಹೊಸ ರುಮಾಲು ಸುತ್ತಿಕೊಂಡು, ಖಾಕಿ ಅಂಗಿಯಲ್ಲಿ ಕೂತು ಕರಿಗಡಬು ತಿನ್ನುತ್ತಿದ್ದವನು ಕಂಡಕ್ಟರ ಮಲ್ಲಪ್ಪ! ತವರಿನ ಅಣ್ಣನಿಗೆ, ಅಂದರೆ ನನಗೆಂದು, ಬೀಗರು ತಂದಿಟ್ಟಿದ್ದ ರುಮಾಲು ಅದು.

ಬಸ್ಸು ಹತ್ತೂವರೆಗೇ ಮುಟ್ಟಿತ್ತಂತೆ. ವಾಪಸು ಬಸ್ಸು ಮಧ್ಯಾಹ್ನ ಎರಡಕ್ಕೆ ಇದ್ದುದರಿಂದ ಬುಟ್ಟಿ ಹೊರಲು ಮಲ್ಲಪ್ಪ ಜೊತೆಗೆ ಬಂದಿದ್ದನಂತೆ. ಹನ್ನೆರಡು ಸಮೀಪಿಸಿ, ಅತ್ತೆ ಬಾಯಿ ತೆಗೆಯುವ ಮೊದಲೇ ಗಂಗವ್ವ ಅವನನ್ನು ಎಳೆದು ಕೂರಿಸಿ, "ಈತನೂ ನಮ್ಮ ಶಾಂತಾಗ ಅಣ್ಣನ. ಉಡಿ ತುಂಬಪಾ ತಮ್ಮಾ," ಎಂದಳಂತೆ. ತಂಗಿಯರೇ ಇಲ್ಲದ ಮಲ್ಲಪ್ಪ ಕಣ್ಣೊರೆಸಿಕೊಳ್ಳುತ್ತಲೇ ಸೀರೆ ಇಟ್ಟನಂತೆ. ಅತ್ತೆಯೇ ಮುಂದೆ ಬಂದು ಆರತಿ ಎತ್ತಿದಳಂತೆ.

ನಾನು ತಂಗಿಯ ಮುಂದೆ ತಲೆ ತಗ್ಗಿಸಿ ನಿಂತೆ. "ತಪ್ಪಾತವಾ," ಎಂದೆ.

"ಇರಲಿ ಬಿಡಣ್ಣಾ. ಊಟಾ ಮಾಡು," ಎಂದಳು. ಆಮೇಲೆ ಮಲ್ಲಪ್ಪನ ಕಡೆ ತಿರುಗಿ, "ಅಣ್ಣಾ, ಇನ್ನೊಂದ ಕಡಬ ನೀಡ್ಲಿ?" ಎಂದಳು.

ಶಾಂತಾಳಿಗೆ ಗಂಡುಮಗು ಹುಟ್ಟಿತು. ಮಗುವಿನ ಜವಳ ತೆಗೆಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ನಾನು ಈ ಸಲ ಹಿಂದಿನ ದಿನವೇ ಬಂದು, ಮಡಿ ಧೋತರ ಉಟ್ಟು, ತೊಡೆ ಸಿದ್ಧ ಮಾಡಿಕೊಂಡು ಕೂತೆ. ಮಗು ನನ್ನನ್ನು ನೋಡಿ ಕಿಟಾರನೆ ಕಿರುಚಿತು. ಮಲ್ಲಪ್ಪ ಬಂದು ಎತ್ತಿಕೊಂಡ. ಸುಮ್ಮನಾಯಿತು. ಅವನ ತೊಡೆಯ ಮೇಲೆಯೇ ಕೂದಲು ತೆಗೆಸಿದರು. ನಾಪಿತನಿಗೆ ನೀರಿನ ಬಟ್ಟಲು ಹಿಡಿದು ನಿಲ್ಲಲು ಒಬ್ಬರು ಬೇಕಾಗಿತ್ತು. ಆ ಕೆಲಸಕ್ಕೆ ಎಲ್ಲರೂ ಒಮ್ಮತದಿಂದ ನನ್ನನ್ನು ಆರಿಸಿದರು.